ಕಾಡೇ ಕಾಲೇಜಾದ ಶಿರಸಿ ಸೀಮೆ

ಸಿಇಟಿ ಸೀಟು ಹಂಚಿಕೆ ಮುಗಿದ ವಾರ ಶಿರಸಿಯ ಬಸ್ ನಿಲ್ದಾಣದಲ್ಲಿ ಒಂದು ನೋಟ ತಪ್ಪದೆ ಕಾಣುತ್ತದೆ. ಹಾವೇರಿ ಕಡೆಯಿಂದಲೋ ಹುಬ್ಬಳ್ಳಿ ಕಡೆಯಿಂದಲೋ ಬಂದ ಬಸ್ಸಿನಿಂದ ಹದಿನೆಂಟರ ಹುಡುಗನೋ ಹುಡುಗಿಯೋ ಇಳಿಯುತ್ತಾರೆ. ಹಿಂದೆಯೇ ಹಾಸಿಗೆಯ ಸುರುಳಿ, ಬಕೆಟ್ಟು, ರೊಟ್ಟಿಯ ಗಂಟು ಹಿಡಿದ ಅಪ್ಪ, ಅಮ್ಮ. ಬಯಲುಸೀಮೆಯಿಂದ ಬಂದವರೆಂದು ಕೇಳಬೇಕಾಗಿಲ್ಲ, ಕೈಯಲ್ಲಿ ಕೊಡೆ ಇಲ್ಲದಿರುವುದೇ ಗುರುತು. ಬಂದವರು ಮೊದಲು ಕೊಳ್ಳುವ ವಸ್ತುವೂ ಕೊಡೆಯೇ. ಆಮೇಲೆ ಆಟೋದವರ ಬಳಿ ವಿಚಾರಣೆ: ಫಾರೆಸ್ಟ್ರಿ ಕಾಲೇಜು ಎಲ್ಲಿ? ಬನವಾಸಿ ರಸ್ತೆಯಲ್ಲಿ.

ವಿಶ್ವವಿದ್ಯಾಲಯದ ಊರು ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಮೈಸೂರು, ಧಾರವಾಡ. ಗೋಪುರದ ಕಟ್ಟಡ, ಕುಲಪತಿಗಳ ಕಾರು, ಘಟಿಕೋತ್ಸವದ ಗೌನು. ಶಿರಸಿಯಲ್ಲಿ ಇದಾವುದೂ ಇಲ್ಲ. 2011ರ ಜನಗಣತಿಯಲ್ಲಿ ಅರುವತ್ತು ಸಾವಿರದ ಆಸುಪಾಸು ಜನರಿದ್ದ ಈ ಊರು ಜಿಲ್ಲಾ ಕೇಂದ್ರವೂ ಅಲ್ಲ, ಇಲ್ಲಿಗೆ ರೈಲೂ ಇಲ್ಲ. ಇಲ್ಲಿನ ಪದವಿ ಕಾಲೇಜುಗಳ ಅಂಕಪಟ್ಟಿ ಬರುವುದು ಧಾರವಾಡದಿಂದ. 1949ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ಮರುವರ್ಷ ಧಾರವಾಡಕ್ಕೆ ಬಂದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಉತ್ತರ ಕನ್ನಡದ ಕಾಲೇಜುಗಳು ಸೇರಿವೆ. ಅರಣ್ಯ ಮಹಾವಿದ್ಯಾಲಯವೂ ಧಾರವಾಡದ್ದೇ, ಆದರೆ ಅದರ ತಾಯಿಬೇರು 1986ರಲ್ಲಿ ಸ್ಥಾಪನೆಯಾದ ಅಲ್ಲಿನ ಕೃಷಿ ವಿಶ್ವವಿದ್ಯಾಲಯ. ಹೀಗೆ ತಲೆ ಧಾರವಾಡದಲ್ಲಿ, ಕಾಲು ಶಿರಸಿಯಲ್ಲಿ. ಕಾಡನ್ನು ಓದುವವರಿಗೆ ತಲೆಗಿಂತ ಕಾಲಿನ ಕೆಲಸವೇ ಹೆಚ್ಚು ಎಂಬುದು ಸೇರಿದ ಮೊದಲ ತಿಂಗಳಲ್ಲೇ ಗೊತ್ತಾಗುತ್ತದೆ.

ಕರ್ನಾಟಕದಲ್ಲಿ ಅರಣ್ಯಶಾಸ್ತ್ರದ ಪದವಿಗೆ ಹೆಸರಾದ ಕಾಲೇಜುಗಳು ಎರಡು: ಒಂದು ಕೊಡಗಿನ ಪೊನ್ನಂಪೇಟೆಯದು, ಇನ್ನೊಂದು ಶಿರಸಿಯದು. ನಾಲ್ಕು ವರ್ಷದ ಬಿ.ಎಸ್ಸಿ. ಕೋರ್ಸು. ಮರ ಗುರುತಿಸುವುದರಿಂದ ಹಿಡಿದು ಮಣ್ಣು, ನರ್ಸರಿ, ವನ್ಯಜೀವಿ, ಮರದ ದಿಮ್ಮಿಯ ಅಳತೆ, ಕಾಡಂಚಿನ ಜನರ ಬದುಕು, ಎಲ್ಲವೂ ಪಾಠದಲ್ಲಿ ಬರುತ್ತವೆ. ಇಲ್ಲಿಗೆ ಸೇರುವ ಬಹುಪಾಲು ಮಕ್ಕಳ ಕಣ್ಣು ವಲಯ ಅರಣ್ಯಾಧಿಕಾರಿಯ ಖಾಕಿಯ ಮೇಲೆ. ಪೋಷಕರ ಕಣ್ಣಂತೂ ಖಂಡಿತ ಅಲ್ಲಿಯೇ. ಆ ಹುದ್ದೆಗಳಲ್ಲಿ ಅರಣ್ಯಶಾಸ್ತ್ರ ಪದವೀಧರರ ಪಾಲೆಷ್ಟಿರಬೇಕು ಎಂಬ ಪ್ರಶ್ನೆಗೆ ಎರಡೂ ಕಾಲೇಜುಗಳ ವಿದ್ಯಾರ್ಥಿಗಳು ತರಗತಿ ಬಿಟ್ಟು ಧರಣಿ ಕೂತದ್ದೂ ಉಂಟು. ಪದವಿ ಕೈಗೆ ಬಂದೊಡನೆ ನೌಕರಿ ಬಾಗಿಲು ಬಡಿಯುತ್ತದೆ ಎಂದು ನಂಬಿ ಮಕ್ಕಳನ್ನು ಕಳಿಸುವ ತಂದೆತಾಯಿಗಳು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಇನ್ನೊಂದು ಬಸ್ಸೂ ಅದೇ ನಿಲ್ದಾಣದಿಂದ ಹೊರಡುತ್ತದೆ, ರಾತ್ರಿಯ ಹೊತ್ತು, ಬೆಂಗಳೂರಿಗೆ. ಅದರ ತುಂಬ ಶಿರಸಿ, ಸಿದ್ದಾಪುರ, ಯಲ್ಲಾಪುರದ ಮಕ್ಕಳು. ಶಾಲಾ ಲೆಕ್ಕದಲ್ಲಿ ಉತ್ತರ ಕನ್ನಡಕ್ಕೆ ಎರಡು ಶೈಕ್ಷಣಿಕ ಜಿಲ್ಲೆ. ಘಟ್ಟದ ಮೇಲಿನದು ಶಿರಸಿ. ಇಲ್ಲಿನ ಮಕ್ಕಳು ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆಯುವುದು ಯಾರಿಗೂ ಸುದ್ದಿಯಲ್ಲ. ಅಂಕ ತೆಗೆದವರು ಊರಲ್ಲಿ ಉಳಿಯದಿರುವುದೂ ಸುದ್ದಿಯಲ್ಲ. ಬೇರೆಡೆಯ ಮಕ್ಕಳು ಈ ಕಾಡನ್ನು ಓದಲು ಬರುತ್ತಾರೆ, ಕಾಡಿನ ಮಕ್ಕಳು ಓದಿ ಇಲ್ಲಿಂದ ಹೋಗುತ್ತಾರೆ. ಈ ಮೂರು ತಾಲ್ಲೂಕುಗಳನ್ನು ಸುತ್ತುವವರ ಕಣ್ಣಿಗೆ ಜಲಪಾತಗಳ ಜೊತೆ ಇದೂ ಬಿದ್ದರೆ ಸುತ್ತಾಟಕ್ಕೆ ಅರ್ಥ ಬರುತ್ತದೆ.

ಕಾಂಚಿಗೆ ಹೋದ ವಿದ್ಯಾರ್ಥಿ

ಫಾರೆಸ್ಟ್ರಿ ಕಾಲೇಜಿನ ಮುಂದಿನ ರಸ್ತೆಯಲ್ಲೇ ಮುಂದುವರಿದರೆ ಶಿರಸಿಯಿಂದ ಸುಮಾರು 24 ಕಿಲೋಮೀಟರಿಗೆ ಬನವಾಸಿ. ವರದಾ ನದಿ ಮೂರು ಕಡೆ ಸುತ್ತುವರಿದ ಊರು. ಪಂಪ ಈ ಊರನ್ನು ಹೊಗಳಿದ್ದು ಶಾಲೆಯ ಮಕ್ಕಳಿಗೆ ಬಾಯಿಪಾಠವಾದದ್ದರಿಂದ ಅದನ್ನು ಇಲ್ಲಿ ಮತ್ತೆ ಹೇಳುವ ಅಗತ್ಯವಿಲ್ಲ. ವಿದ್ಯಾರ್ಥಿಗಳು ತಿಳಿಯಬೇಕಾದ ಕಥೆ ಬೇರೆಯೇ ಇದೆ.

ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಮೇಲೆ ಕುಬ್ಜನೆಂಬ ಕವಿ ಬರೆದ ಸಂಸ್ಕೃತ ಶಾಸನ ಆ ಕಥೆ ಹೇಳುತ್ತದೆ. ಮಯೂರಶರ್ಮನೆಂಬ ಬ್ರಾಹ್ಮಣ ಯುವಕ ಗುರು ವೀರಶರ್ಮನ ಜೊತೆ ವೇದಾಧ್ಯಯನ ಪೂರ್ಣಗೊಳಿಸಲು ಪಲ್ಲವರ ಕಾಂಚಿಗೆ ಹೋದ. ಅಲ್ಲಿನ ಘಟಿಕಾಸ್ಥಾನವೆಂದರೆ ಅಂದಿನ ವಿಶ್ವವಿದ್ಯಾಲಯ. ನಾವು ಇಂದಿಗೂ ಪದವಿ ಪ್ರದಾನಕ್ಕೆ ಘಟಿಕೋತ್ಸವ ಎನ್ನುವಾಗ ಆ ಹಳೆಯ ಮಾತೇ ನಾಲಗೆಯ ಮೇಲೆ ಉಳಿದಿದೆ. ಕಾಂಚಿಯಲ್ಲಿ ಪಲ್ಲವರ ಕುದುರೆ ಸವಾರನೊಬ್ಬನೊಡನೆ ಜಗಳವಾಯಿತು. ಅವಮಾನಗೊಂಡ ವಿದ್ಯಾರ್ಥಿ ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ, ಕಾಡು ಸೇರಿ ದಂಡು ಕಟ್ಟಿದ. ಕ್ರಿ.ಶ. 345ರ ಸುಮಾರಿಗೆ ಕದಂಬ ರಾಜ್ಯ ಹುಟ್ಟಿತು, ಬನವಾಸಿ ಅದರ ರಾಜಧಾನಿಯಾಯಿತು.

ಓದು ಪೂರ್ತಿಯಾಗದೆ ಹಿಂದಿರುಗಿದ ಹುಡುಗ ರಾಜ್ಯ ಕಟ್ಟಿದ ಎಂದು ಮಕ್ಕಳೆದುರು ಹೇಳುವಾಗ ಪೋಷಕರು ಸ್ವಲ್ಪ ಎಚ್ಚರ ವಹಿಸಬೇಕಾದೀತು! ಆದರೆ ಗಮನಿಸಬೇಕಾದದ್ದು ಇನ್ನೊಂದು. ಹದಿನಾರು ಹದಿನೇಳು ನೂರು ವರ್ಷಗಳ ಹಿಂದೆಯೂ ಈ ಸೀಮೆಯ ಹುಡುಗ ದೊಡ್ಡ ವಿದ್ಯೆಗಾಗಿ ನೂರಾರು ಮೈಲಿ ದೂರದ ನಗರಕ್ಕೆ ಹೋಗಬೇಕಿತ್ತು. ವ್ಯತ್ಯಾಸವೆಂದರೆ ಆತ ಮರಳಿ ಬಂದ.

ಮಧುಕೇಶ್ವರ ದೇವಾಲಯದ ಆವರಣದಲ್ಲಿ ಐದು ಹೆಡೆಯ ನಾಗಶಿಲ್ಪವೊಂದಿದೆ. ಕದಂಬರಿಗೂ ಹಿಂದೆ ಆಳಿದ ಚುಟು ವಂಶದ ಕಾಲದ್ದು. ಅದರ ಅಂಚಿನ ಬ್ರಾಹ್ಮೀ ಲಿಪಿಯ ಪ್ರಾಕೃತ ಬರಹ ನಾಗಪ್ರತಿಮೆಯ ಜೊತೆ ಕೆರೆಯನ್ನೂ ವಿಹಾರವನ್ನೂ ದಾನ ಕೊಟ್ಟದ್ದನ್ನು ಹೇಳುತ್ತದೆ, ಕೆತ್ತಿದ ಶಿಲ್ಪಿ ನಾಟಕನ ಹೆಸರನ್ನೂ ಉಳಿಸಿದೆ. ಮಂಟಪದ ಮಿರುಗುವ ಕಂಬಗಳ ಮುಂದೆ ಫೋಟೋ ತೆಗೆಸಿಕೊಳ್ಳುವ ಶಾಲಾ ಪ್ರವಾಸದ ಮಕ್ಕಳು ಈ ಕಲ್ಲನ್ನು ದಾಟಿ ಹೋಗುವುದೇ ಹೆಚ್ಚು. ಮಾಸ್ತರರು ಐದು ನಿಮಿಷ ನಿಲ್ಲಿಸಿ ಹೇಳಿದರೆ ಇತಿಹಾಸದ ಒಂದು ಪಾಠವೇ ಮುಗಿದೀತು.

ಶಿರಸಿಯಿಂದ ಯಲ್ಲಾಪುರದ ದಿಕ್ಕಿಗೆ ಹೋದರೆ ಸೋಂದಾ, ಅಂದರೆ ಸೋದೆ. ಕೆಲವೇ ಕಿಲೋಮೀಟರುಗಳ ಒಳಗೆ ಸ್ವರ್ಣವಲ್ಲಿಯ ಸ್ಮಾರ್ತ ಮಠ, ವಾದಿರಾಜರ ಮಾಧ್ವ ಮಠ, ಸ್ವಾದಿಯ ಜೈನ ಮಠ. 1604ರಲ್ಲಿ ಕನ್ನಡಕ್ಕೆ ಸಂಸ್ಕೃತದ 592 ಸೂತ್ರಗಳಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವೆಂಬ ವ್ಯಾಕರಣ ರಚಿಸಿದ ಭಟ್ಟಾಕಳಂಕನ ಹೆಸರನ್ನು ಈ ಜೈನ ಮಠದ ಗುರುಪರಂಪರೆಯೊಂದಿಗೆ ಜೋಡಿಸುತ್ತಾರೆ. ಹತ್ತಿರದಲ್ಲೇ ಶಾಲ್ಮಲೆಯ ಒಡಲಿನ ಬಂಡೆಗಳ ಮೇಲೆ ಸೋದೆ ಅರಸರ ಕಾಲದಲ್ಲಿ ಕೆತ್ತಿಸಿದ ಸಹಸ್ರಲಿಂಗ. ಮಳೆಗಾಲದಲ್ಲಿ ಅಲ್ಲಿ ಲಿಂಗವೂ ಕಾಣದು, ಬಂಡೆಯೂ ಕಾಣದು. ಕೆಂಪು ನೀರು ಮಾತ್ರ. ಬೇಸಿಗೆಯಲ್ಲಿ ಹೋಗುವುದೇ ಸರಿ.

ಕತ್ತಲೆಕಾನಿನ ಪಾಠ

ಸಿದ್ದಾಪುರ ತಾಲ್ಲೂಕಿಗೆ ಹೋದವರೆಲ್ಲ ಜೋಗ ನೋಡಿ ಬರುತ್ತಾರೆ. ಜೋಗದ ಒಂದು ದಡ ಶಿವಮೊಗ್ಗ ಜಿಲ್ಲೆಯದು, ಇನ್ನೊಂದು ದಡ ಈ ತಾಲ್ಲೂಕಿನದು. ಜೋಗದ ಬಗ್ಗೆ ಬರೆಯದವರಿಲ್ಲ, ಆದ್ದರಿಂದ ಅಷ್ಟು ಸಾಕು. ಅಲ್ಲಿಂದ ಹೊನ್ನಾವರದ ಕಡೆ ಇಳಿಯುವ ಹೆದ್ದಾರಿಯ ಮಗ್ಗುಲಲ್ಲಿ ಕತ್ತಲೆಕಾನು ಎಂಬ ಕಾಡಿದೆ. ‘ಕಾನು’ ಎಂದರೆ ಈ ಕಡೆ ಸದಾ ಹಸಿರಾಗಿರುವ ದಟ್ಟಡವಿ. ಹೆಸರೇ ಹೇಳುವಂತೆ ಹಗಲಲ್ಲೂ ನೆಲಕ್ಕೆ ಬೆಳಕು ಬೀಳುವುದು ಕಡಿಮೆ. ವರ್ಷವಿಡೀ ನೀರು ಜಿನುಗುವ ಕೆಸರು ನೆಲದಲ್ಲಿ ಜಾಯಿಕಾಯಿ ಕುಟುಂಬದ ಮರಗಳು ನಿಂತಿವೆ. ಕೆಸರಲ್ಲಿ ಬೇರಿಗೆ ಗಾಳಿ ಸಾಲದು. ಅದಕ್ಕೇ ಈ ಮರಗಳ ಬೇರುಗಳು ಮಡಚಿದ ಮೊಣಕಾಲಿನಂತೆ ನೆಲದಿಂದ ಮೇಲೆದ್ದು ಉಸಿರಾಡಿ ಮತ್ತೆ ಕೆಳಗೆ ಇಳಿಯುತ್ತವೆ. ಇಂಥ ಜೌಗು ಕಾಡುಗಳು ಪಶ್ಚಿಮಘಟ್ಟದಲ್ಲಿ ಈಗ ಚೂರುಚೂರಾಗಿ ಉಳಿದಿವೆ, ಎಷ್ಟೋ ಕಡೆ ಗದ್ದೆ, ತೋಟಗಳಾಗಿವೆ.

ಈ ಕಾಡಿನ ಗೇರು ಕುಟುಂಬದ ಮರವೊಂದನ್ನು ವಿಜ್ಞಾನ ಲೋಕ ಗುರುತಿಸಿದ್ದು 2000ದಲ್ಲಿ. ಅದರ ಹೆಸರು ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್. ಲ್ಯಾಟಿನ್ ಹೆಸರಿನ ಬಾಲದಲ್ಲಿ ಅಚ್ಚ ಕನ್ನಡದ ‘ಕತ್ತಲೆಕಾನು’ ಕೂತಿರುವುದನ್ನು ಓದಿದರೆ ಖುಷಿಯೆನಿಸುತ್ತದೆ. ಆದರೆ ಅಷ್ಟು ದೊಡ್ಡ ಮರ ಅಷ್ಟು ವರ್ಷ ಹೆಸರಿಲ್ಲದೆ ನಿಂತಿತ್ತಲ್ಲ ಎಂಬ ಯೋಚನೆಯೂ ಬರುತ್ತದೆ. ಕಾಡಿನಲ್ಲಿ ಓದುವುದು ಎಂದರೇನು ಎಂದು ಕೇಳುವ ಹುಡುಗರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಸಿಗಲಾರದು. ಸಿಂಗಳೀಕಗಳ ನೆಲೆಯಾದ ಈ ಭಾಗವನ್ನೂ ಒಳಗೊಂಡು 2011ರಲ್ಲಿ ಸುಮಾರು 300 ಚದರ ಕಿಲೋಮೀಟರನ್ನು ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶವೆಂದು ಸರ್ಕಾರ ಘೋಷಿಸಿತು. ಪ್ರವಾಸಿಗರು ಕಾಡಿನೊಳಗೆ ಮನಬಂದಂತೆ ನುಗ್ಗುವಂತಿಲ್ಲ, ಅರಣ್ಯ ಇಲಾಖೆಯ ಅನುಮತಿ ಬೇಕು.

ಅಘನಾಶಿನಿ ಹುಟ್ಟುವುದು ಶಿರಸಿಯಲ್ಲೇ, ಶಂಕರಹೊಂಡದಲ್ಲಿ. ಅಲ್ಲಿ ಹೊಂಡದ ನೀರು, ಸಿದ್ದಾಪುರ ತಾಲ್ಲೂಕಿನ ಉಂಚಳ್ಳಿಗೆ ಬರುವಷ್ಟರಲ್ಲಿ 116 ಮೀಟರ್ ಧುಮುಕುವ ಜಲಪಾತ. 1845ರಲ್ಲಿ ಇದನ್ನು ಕಂಡ ಬ್ರಿಟಿಷ್ ಅಧಿಕಾರಿ ಲಷಿಂಗ್ಟನ್‌ನ ಹೆಸರನ್ನೂ ಜಲಪಾತಕ್ಕೆ ಹಚ್ಚಲಾಯಿತು. ಉಂಚಳ್ಳಿಯವರು ಅದಕ್ಕೂ ಮೊದಲೇ ಅದರ ಸದ್ದು ಕೇಳುತ್ತ ಮಲಗುತ್ತಿದ್ದರು ಎಂಬುದು ಬೇರೆ ಮಾತು. ದೊಡ್ಡ ಅಣೆಕಟ್ಟೆಯಿಲ್ಲದೆ ಕುಮಟಾದ ಬಳಿ ಕಡಲು ಸೇರುವ ನದಿ ಇದು. ಘಟ್ಟದ ನದಿಗಳಲ್ಲಿ ಆ ಭಾಗ್ಯ ಎಲ್ಲಕ್ಕೂ ಇಲ್ಲ.

ಜೋಗದ ಸಮೀಪದ ಮಾವಿನಗುಂಡಿಯಲ್ಲಿ ಬಸ್ಸಿನಿಂದ ಇಳಿಯುವವರು ಕಡಿಮೆ. ಇಳಿದರೆ ಒಂದು ಸ್ಮಾರಕ ಕಾಣುತ್ತದೆ. ಮೂವತ್ತರ ದಶಕದ ಕರನಿರಾಕರಣೆಯಲ್ಲಿ ಅಂಕೋಲೆಯಂತೆಯೇ ಸಿದ್ದಾಪುರದ ರೈತರೂ ತೆರಿಗೆ ಕೊಡದೆ ಜಮೀನು ಕಳೆದುಕೊಂಡರು. ಹರಾಜಿನಲ್ಲಿ ಆ ಜಮೀನು ಕೊಂಡವರ ಮನೆಯೆದುರು ಹೆಂಗಸರು ಉಪವಾಸ ಕೂತರು. ಸ್ಮಾರಕ ಆ ಹೆಂಗಸರದು. ಅಕ್ಷರ ಬಲ್ಲವರು ಅವರಲ್ಲಿ ಎಷ್ಟು ಮಂದಿಯಿದ್ದರೋ! ಮರಿಮೊಮ್ಮಕ್ಕಳು ಇಂದು ಊರೂರಿನ ಕಾಲೇಜುಗಳಲ್ಲಿ ಓದುತ್ತಿದ್ದಾರೆ. ಇದೇ ತಾಲ್ಲೂಕಿನ ದೊಡ್ಮನೆಯಲ್ಲಿ ಹುಟ್ಟಿ 1983ರಲ್ಲಿ ಮುಖ್ಯಮಂತ್ರಿಯಾದ ರಾಮಕೃಷ್ಣ ಹೆಗಡೆ ಓದಿಗಾಗಿ ಹೋದದ್ದು ಕಾಶಿಗೆ, ಲಖನೌಗೆ.

ರೈತರು ನಡೆಸಿದ ವಿಚಾರ ಸಂಕಿರಣ

ಯಲ್ಲಾಪುರದ ಬೇಡ್ತಿಗೂ ಧಾರವಾಡಕ್ಕೂ ನೀರಿನ ನಂಟಿದೆ. ಧಾರವಾಡದ ಸೋಮೇಶ್ವರದ ಬಳಿ ಹುಟ್ಟುವ ಶಾಲ್ಮಲೆ (ಸೋಂದೆಯ ಶಾಲ್ಮಲೆ ಬೇರೆ) ಕಲಘಟಗಿಯ ಹತ್ತಿರ ಬೇಡ್ತಿಯನ್ನು ಕೂಡಿಕೊಂಡು ಯಲ್ಲಾಪುರ ತಾಲ್ಲೂಕಿಗೆ ಬರುತ್ತದೆ. ಮಾಗೋಡಿನಲ್ಲಿ ಸುಮಾರು 200 ಮೀಟರ್ ಆಳದ ಕಣಿವೆಗೆ ಬಿದ್ದು, ಮುಂದೆ ಗಂಗಾವಳಿ ಎಂಬ ಹೆಸರಿನಲ್ಲಿ ಕಡಲಿಗೆ. ಮಾಗೋಡಿನ ಕಟ್ಟೆಯ ಮೇಲೆ ನಿಂತು ನೋಡಿದರೆ ಕಾಣುವುದು ನೀರಿಗಿಂತ ಹೆಚ್ಚಾಗಿ ಆ ಕಣಿವೆಯ ಹಸಿರು.

ಆ ಕಣಿವೆಯ ಮೇಲಿನ ಭಾಗ ಮುಳುಗಬೇಕಾಗಿತ್ತು. ಎಪ್ಪತ್ತರ ದಶಕದ ಕೊನೆಯಲ್ಲಿ ಬೇಡ್ತಿಗೆ ಅಡ್ಡವಾಗಿ ಜಲವಿದ್ಯುತ್ ಯೋಜನೆಯ ಕೆಲಸ ಆರಂಭವಾಯಿತು. ತೋಟ, ಮನೆ ಮುಳುಗುವವರು ಘೋಷಣೆ ಕೂಗಿದ್ದಷ್ಟೇ ಆಗಿದ್ದರೆ ವಿಶೇಷವಿರಲಿಲ್ಲ. ಅಡಿಕೆ ಬೆಳೆಗಾರರ ಸಹಕಾರಿ ಸಂಘವಾದ ಶಿರಸಿಯ ತೋಟಗಾರ್ಸ್ ಸೊಸೈಟಿ 1981ರಲ್ಲಿ ವಿಜ್ಞಾನಿಗಳು, ಅರ್ಥಶಾಸ್ತ್ರಜ್ಞರು, ಇಂಜಿನಿಯರುಗಳನ್ನು ಕರೆಸಿ ವಿಚಾರ ಸಂಕಿರಣ ನಡೆಸಿತು. ಮುಳುಗುವ ಕಾಡಿನ ಬೆಲೆಯೆಷ್ಟು, ಮೆಣಸು, ಯಾಲಕ್ಕಿಯ ಬೆಲೆಯೆಷ್ಟು, ಸೊಪ್ಪು, ಸೌದೆಯ ಬೆಲೆಯೆಷ್ಟು, ಹುಟ್ಟುವ ವಿದ್ಯುತ್ತಿಗೆ ಅದು ಸಮವೇ ಎಂದು ಲೆಕ್ಕ ಹಾಕಲಾಯಿತು. ಯೋಜನೆ ನಿಂತಿತು. ವಿಶ್ವವಿದ್ಯಾಲಯ ಮಾಡಬೇಕಾದ ಕೆಲಸವನ್ನು ಅಡಿಕೆ ವ್ಯಾಪಾರದ ಸೊಸೈಟಿ ಮಾಡಿದ ಅಪರೂಪದ ಪ್ರಸಂಗ ಅದು.

ಎರಡು ವರ್ಷದ ಬಳಿಕ, 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿ ಸುತ್ತಿನ ಹಳ್ಳಿಗರು ಕಳಾಸೆ ಕಾಡಿಗೆ ನಡೆದು ಹೋಗಿ, ಕಡಿಯಲು ಗುರುತು ಮಾಡಿದ ಮರಗಳನ್ನು ತಬ್ಬಿ ನಿಂತರು. ಹಿಮಾಲಯದ ಚಿಪ್ಕೋ ಇಲ್ಲಿ ಅಪ್ಪಿಕೋ ಆಯಿತು. ಇಂದು ಪರಿಸರ ಅಧ್ಯಯನದ ಪಠ್ಯಗಳಲ್ಲಿ ಅದು ಎರಡು ಸಾಲಿನ ಟಿಪ್ಪಣಿ. ಮರ ತಬ್ಬಿದವರಲ್ಲಿ ಇನ್ನೂ ಇರುವವರಿಗೆ ವಯಸ್ಸಾಗಿದೆ. ಓದುವ ಮಕ್ಕಳು ಅವರನ್ನು ಈಗಲೇ ಮಾತಾಡಿಸಬೇಕು.

ಪ್ರಶ್ನೆಗಳೂ ಮುಗಿದಿಲ್ಲ. ಬೇಡ್ತಿಯ ನೀರನ್ನು ವರದೆಗೆ ತಿರುಗಿಸುವ ನದಿ ಜೋಡಣೆಯ ಪ್ರಸ್ತಾಪದಿಂದ ಹಳೆಯ ಕಡತಗಳು ಮತ್ತೆ ತೆರೆದಿವೆ. ಘಟ್ಟದವರು ಬೇಡವೆನ್ನುತ್ತಾರೆ. ಬಯಲಿನ ಹಾವೇರಿ, ಗದಗದವರು ನೀರು ಬೇಕೆನ್ನುತ್ತಾರೆ. ಶಿರಸಿಯ ಹಾಸ್ಟೆಲಿನ ಒಂದೇ ಕೋಣೆಯಲ್ಲಿ ಈ ಎರಡೂ ಕಡೆಯ ಹುಡುಗರು ಮಲಗುತ್ತಾರೆ ಎಂಬುದನ್ನು ನೆನೆದರೆ, ಈ ವಾದವನ್ನು ಶಾಂತವಾಗಿ ಬಿಡಿಸಲು ಅದಕ್ಕಿಂತ ತಕ್ಕ ಜಾಗ ಯಾವುದಿದ್ದೀತು ಅನ್ನಿಸುತ್ತದೆ.

ಯಲ್ಲಾಪುರದ ಕಾಡುಗಳಲ್ಲಿ ಸಿದ್ದಿಗಳ ಮನೆಗಳಿವೆ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕದಿಂದ ಗುಲಾಮರಾಗಿ ಗೋವೆಗೆ ತಂದವರ ಸಂತತಿ, ತಪ್ಪಿಸಿಕೊಂಡು ಈ ಅಡವಿ ಸೇರಿದವರು. ಪರಿಶಿಷ್ಟ ಪಂಗಡದ ಪಟ್ಟಿಗೆ ಅವರು ಸೇರಿದ್ದು 2003ರಲ್ಲಿ. ಸಮುದಾಯದ ಮೊದಲ ಪದವೀಧರರೆಂದು ಹೆಸರಾದ ಶಾಂತಾರಾಮ ಸಿದ್ದಿ 2020ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಅಡಿಕೆ ತೋಟದ ಮನೆಗಳಲ್ಲಿ ಪದವಿಯೆಂದರೆ ಮೂರನೆಯ ತಲೆಮಾರಿನ ಸಂಗತಿ. ಸಿದ್ದಿಗಳ ಎಷ್ಟೋ ಮನೆಗಳಲ್ಲಿ ಅದು ಈಗಷ್ಟೇ ಹೊಸ್ತಿಲು ದಾಟುತ್ತಿದೆ. ಒಂದು ಕಡೆ ಮಕ್ಕಳು ಓದಿ ಹೋದರೆಂಬ ಚಿಂತೆ, ಇನ್ನೊಂದು ಕಡೆ ಓದು ಮುಗಿಸುವರೇ ಎಂಬ ಚಿಂತೆ. ಎರಡೂ ಒಂದೇ ತಾಲ್ಲೂಕಿನವು.

ಜಗುಲಿಯ ಮೇಲೆ

ಈ ಸೀಮೆಯ ತೋಟದ ಮನೆಯೊಂದರಲ್ಲಿ ಒಂದು ರಾತ್ರಿ ತಂಗದೆ ಪ್ರವಾಸ ಮುಗಿಯದು. ಹೋದೊಡನೆ ಆಸರಿಗೆ ಏನು ಬೇಕೆಂಬ ಉಪಚಾರ, ಊಟಕ್ಕೆ ತಂಬುಳಿ, ಅಪ್ಪೆಹುಳಿ, ಚಳಿಗಾಲವಾದರೆ ಆಲೆಮನೆಯ ಜೋನಿಬೆಲ್ಲ, ತೆಳ್ಳಗಿನ ತೊಡದೇವು. ಮುಂದೆ ಅಡಿಕೆ ಒಣಗುವ ಅಂಗಳ, ಕೆಳಗೆ ಕಣಿವೆಯ ತೋಟ, ಮೇಲೆ ಸೊಪ್ಪಿನ ಬೆಟ್ಟ. ತೋಟಕ್ಕೆ ಬೇಕಾದ ಸೊಪ್ಪು, ದರಕು ತರಲು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ಬಿಟ್ಟುಕೊಟ್ಟದ್ದು ಬ್ರಿಟಿಷರ ಕಾಲದ ಏರ್ಪಾಡು. ಕೆಲವು ಬೆಟ್ಟಗಳು ಇಂದಿಗೂ ಕಾಡಿನಂತಿವೆ, ಕೆಲವು ಬೋಳಾಗಿವೆ. ಅರಣ್ಯಶಾಸ್ತ್ರದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಬೇಕೆ?

ಮನೆಯಲ್ಲಿ ಎಂಟು ಕೋಣೆಗಳಿದ್ದರೆ ಆರಕ್ಕೆ ಚಿಲಕ. ಇರುವವರು ಇಬ್ಬರು, ಎಪ್ಪತ್ತು ದಾಟಿದ ಯಜಮಾನರು ಮತ್ತು ಅವರ ಮನೆಯವರು. ಮಗ ಬೆಂಗಳೂರು, ಮಗಳು ಅಮೆರಿಕ. ಗೋಡೆಯ ಮೇಲೆ ಘಟಿಕೋತ್ಸವದ ಗೌನು ತೊಟ್ಟ ಫೋಟೋ. ಶಿರಸಿ ಸುಪಾರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂತು, ದರವೂ ಹಿಂದಿಗಿಂತ ಏರಿದೆ. ಆದರೆ ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು, ಸುಗ್ಗಿಯಲ್ಲಿ ಕೊನೆ ಇಳಿಸಲು ಮರ ಹತ್ತುವ ಕೊನೆಗೌಡರು ಸಿಗುವುದೇ ಕಷ್ಟ. ಅವರ ಮಕ್ಕಳೂ ಓದುತ್ತಿದ್ದಾರೆ, ಓದಲೇಬೇಕು.

2020ರ ಲಾಕ್‌ಡೌನಿನಲ್ಲಿ ಒಮ್ಮೆಗೇ ಚಿಲಕಗಳು ತೆರೆದಿದ್ದವು. ಬೆಂಗಳೂರಿನ ಮಕ್ಕಳು ಲ್ಯಾಪ್‌ಟಾಪ್ ಹಿಡಿದು ಬಂದರು. ಮನೆಯಲ್ಲಿ ನೆಟ್‌ವರ್ಕ್ ಸಿಗದೆ ಬೆಟ್ಟದ ತುದಿಯಲ್ಲಿ ತಾಡಪಾಲು ಕಟ್ಟಿ ಕೂತರು. ಶಾಲೆಯ ಮಕ್ಕಳೂ ಆನ್‌ಲೈನ್ ಪಾಠಕ್ಕೆ ಕೊಡೆ ಹಿಡಿದು ಅದೇ ಬೆಟ್ಟ ಹತ್ತಿದರು. ಸೋಂಕಿನ ಕಾಲ ಕಳೆದ ಮೇಲೆ ಹೆಚ್ಚಿನವರು ಮರಳಿ ಹೋದರು. ಅಲ್ಲೊಬ್ಬರು ಇಲ್ಲೊಬ್ಬರು ಉಳಿದು ತೋಟ ಹಿಡಿದಿದ್ದಾರೆ. ಉಳಿದ ಹುಡುಗನಿಗೆ ಹೆಣ್ಣು ಹುಡುಕುವುದು ಹೇಗೆಂಬುದು ಈಗ ಜಗುಲಿಯ ಮೇಲಿನ ಮಾತು. ಪದವಿ ಇದ್ದೂ ಊರಲ್ಲಿರುವವನನ್ನು ಸೋತು ಬಂದವನೆಂದು ನೋಡುವ ಕಣ್ಣು ಹೆಣ್ಣಿನ ಕಡೆಯವರಲ್ಲಿ ಮಾತ್ರವಲ್ಲ, ಹೆತ್ತವರಲ್ಲೂ ಇದೆ ಎಂಬುದನ್ನು ಒಪ್ಪಬೇಕು. ಊರಲ್ಲಿ ಇರು ಎಂದು ಬಾಯಲ್ಲಿ ಹೇಳುತ್ತ, ಬೆಂಗಳೂರಿನ ಸಂಬಳವನ್ನು ನೆಂಟರೆದುರು ಹೇಳಿಕೊಳ್ಳುವವರು ನಾವೇ ತಾನೆ?

ಹೋಗುವವರಿಗೆ ನಾಲ್ಕು ಮಾತು. ಶಿರಸಿಗೆ ಹುಬ್ಬಳ್ಳಿಯಿಂದ ಸುಮಾರು 100 ಕಿಲೋಮೀಟರ್. ರೈಲಿಗೆ ಹಾವೇರಿ, ಕುಮಟಾ ಅಥವಾ ಸಿದ್ದಾಪುರಕ್ಕೆ ಹತ್ತಿರದ ತಾಳಗುಪ್ಪ. ಕುಮಟಾ ದಾರಿಯ ದೇವಿಮನೆ ಘಟ್ಟದಲ್ಲಿ ರಸ್ತೆ ಕೆಲಸ, ಗುಡ್ಡ ಕುಸಿತಗಳಿಂದ ಸಂಚಾರ ನಿಂತದ್ದಿದೆ, ವಿಚಾರಿಸಿಯೇ ಹೊರಡಬೇಕು. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ದಿನಗಳಲ್ಲಿ ಊರಲ್ಲಿ ಕಾಲಿಡಲು ಜಾಗವಿರದು, ವಸತಿ ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಮಳೆಗಾಲದಲ್ಲಿ ಉಂಬಳಗಳ ಕಾಟ. ಹೊಗೆಸೊಪ್ಪಿನ ನೀರು ಕಾಲಿಗೆ ಹಚ್ಚಿಕೊಂಡರೆ ಸ್ವಲ್ಪ ತಡೆದೀತು. ಜಲಪಾತದ ಬುಡಕ್ಕೆ, ಹೊಳೆಯ ಮಡುವಿಗೆ ಇಳಿಯುವ ಹುಡುಗರನ್ನು ತಡೆಯಬೇಕು. ಓದಲು, ನೋಡಲು ಬಂದ ಎಷ್ಟೋ ಮಕ್ಕಳನ್ನು ಈ ನೀರು ನುಂಗಿದೆ. ಅಕ್ಟೋಬರಿನಿಂದ ಜನವರಿಯವರೆಗೆ ನೀರೂ ಇರುತ್ತದೆ, ದಾರಿಯೂ ಕಾಣುತ್ತದೆ.

ಮಗುವನ್ನು ಹಾಸ್ಟೆಲಿಗೆ ಬಿಟ್ಟು ಹಿಂದಿರುಗುವ ಪೋಷಕರಿಗೆ ಮಧ್ಯಾಹ್ನದ ಬಸ್ಸು ತಪ್ಪಿದರೆ ಚಿಂತೆಯಿಲ್ಲ. ಬನವಾಸಿಯ ಬಸ್ಸುಗಳು ಕಾಲೇಜಿನ ಮುಂದಿನ ರಸ್ತೆಯಲ್ಲೇ ಹೋಗುತ್ತವೆ. ದೇವಾಲಯ ನೋಡಿ, ಆ ನಾಗರ ಕಲ್ಲಿನ ಮುಂದೆ ನಿಂತು, ವರದೆಯ ದಂಡೆಯಲ್ಲಿ ಬುತ್ತಿ ಬಿಚ್ಚಿ ಉಂಡು, ಹೊತ್ತು ಮುಳುಗುವುದರೊಳಗೆ ಶಿರಸಿಗೆ ಮರಳಬಹುದು.